ಏಕಾದಶಿಯ ದಿನ ಗುಂತಕಲ್ ಬಂದ್

ನಾನು ಓದು ನಿಲ್ಲಿಸಿದ್ದು ೧೯೯೧ರಲ್ಲಿ, ಕುರುಗೋಡಿನಲ್ಲಿ, ಏಳನೇ ಕ್ಲಾಸಿನಲ್ಲಿ. ನಾನು ನಿಲ್ಲಿಸಲಿಲ್ಲ, ಗಣಿತವೇ ನನ್ನನ್ನು ನಿಲ್ಲಿಸಿತು ಎನ್ನುವವರೂ ಇದ್ದಾರೆ, ಅನ್ನಲಿ! ಆಮೇಲಿನ ಜೀವನದಲ್ಲಿ ನನಗೆ ಮೋಸ ಮಾಡಿ ದಕ್ಕಿಸಿಕೊಂಡವರು ಒಬ್ಬರೇ. ಆರು ವರ್ಷ, ಹಾಡುಹಗಲು, ನನ್ನದೇ ಅಂಗಡಿಯಲ್ಲಿ, ನನ್ನದೇ ಚಹಾ ಕುಡಿಯುತ್ತ ಮೋಸ ಮಾಡಿದರು. ಅವರ ಮೇಲೆ ನನಗಿರುವಷ್ಟು ಗೌರವ ಇನ್ನಾರ ಮೇಲೂ ಇಲ್ಲ!

ಬಳ್ಳಾರಿಯ ಬ್ರೂಸ್‌ಪೇಟೆಯ ಒಂದು ಓಣಿಯಲ್ಲಿ ನನ್ನ ಜೀನ್ಸ್ ಹೊಲಿಯುವ ಅಂಗಡಿ ಇದೆ. ಕಾಜಾ ಹಾಕುವ ಕೆಲಸದಿಂದ ಶುರು ಮಾಡಿ ಕಟಿಂಗ್ ಮಾಸ್ತರನಾದವನು ನಾನು. ಅಂಗಡಿಯ ಮೇಲಿನ ಮನೆಗೆ ಬಾಡಿಗೆಗೆ ಬಂದವರು ರಾಯರು. ಸಿರುಗುಪ್ಪದವರು, ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಗೆ ಅಕ್ಷತೆ, ಮಳೆಯಿಲ್ಲದ ಊರಿನಲ್ಲಿ ವರ್ಷವಿಡೀ ಕೊಡೆ. ಬಂದ ಮೊದಲ ವಾರವೇ, ಸಂಜೆ ನಾಲ್ಕಕ್ಕೆ ಇಳಿದು ಬಂದು ನನ್ನೆದುರು ಕೂತರು. ನಮಸ್ಕಾರವಿಲ್ಲ, ಊರು ಯಾವುದೆಂಬ ಪ್ರಶ್ನೆಯಿಲ್ಲ. ಗಂಭೀರವಾಗಿ ಒಂದೇ ಮಾತು:

"ತೋರಣಗಲ್ಲು. ನಿಮ್ಮ ಪಾಳಿ, ಮಾಸ್ತರ್."

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನನ್ನು ಓದಿದವರೊಬ್ಬರು ಮಾಸ್ತರ್ ಅಂದಾಗ ಏನಾಗುತ್ತದೆ ಗೊತ್ತೇ? ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ. ಇದೇನು ಆಟ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಇದು ಓದಿದವರಿಗೆಲ್ಲ ಗೊತ್ತಿರುವ ಆಟವೇ ಇರಬೇಕು, ಹೈಸ್ಕೂಲಿನಲ್ಲಿ ಕಲಿಸುತ್ತಾರೇನೋ, ಕೇಳಿದರೆ ನನ್ನ ಏಳನೇ ಕ್ಲಾಸು ಬಯಲಾಗುತ್ತದೆ ಎಂದುಕೊಂಡೆ. ಕತ್ತರಿ ಕೆಳಗಿಟ್ಟು, ಗಡ್ಡ ಕೆರೆದುಕೊಂಡು, ತೋರಣಗಲ್ಲು ಅಂದರೆ ರೈಲ್ವೆ ಸ್ಟೇಷನ್ನಲ್ಲವೇ ಎಂದುಕೊಂಡು, ಬಾಯಿಗೆ ಬಂದ ಇನ್ನೊಂದು ಸ್ಟೇಷನ್ ಹೇಳಿದೆ: "ಹಗರಿ."

ರಾಯರು ಎರಡು ಲೋಟ ಚಹಾ ಮುಗಿಯುವ ತನಕ ಯೋಚಿಸಿದರು. ಆಮೇಲೆ ಉಸಿರು ಬಿಟ್ಟು, ಭಾಳ ಪೆಟ್ಟು ಕೊಟ್ರಿ ಎಂದರು. ಏನು ಪೆಟ್ಟು, ಎಲ್ಲಿ ಬಿತ್ತು, ದೇವರಾಣೆ ನನಗೆ ಗೊತ್ತಿಲ್ಲ!

ಹೀಗೆ ಶುರುವಾಯಿತು. ಒಬ್ಬರಾದ ಮೇಲೆ ಒಬ್ಬರು ಸ್ಟೇಷನ್ ಹೇಳುತ್ತ ಹೋಗಬೇಕು; ಕೊನೆಗೆ "ಸಿರುಗುಪ್ಪ" ಎಂದು ಹೇಳಿ ಕೊಡೆಯನ್ನು ನೆಲಕ್ಕೆ ಕುಟ್ಟಿದವನು ಗೆದ್ದ. ಆದರೆ ಯಾವಾಗ ಹೇಳಬಹುದು, ಯಾವಾಗ ಹೇಳಬಾರದು ಎಂಬುದಕ್ಕೆ ಇದ್ದ ಕಾನೂನುಗಳು ರೈಲ್ವೆ ಇಲಾಖೆಗೂ ಇರಲಿಕ್ಕಿಲ್ಲ. ಜಂಕ್ಷನ್ ಹೆಸರು ಹೇಳುವಾಗ ಎದ್ದು ನಿಲ್ಲಬೇಕು. ಏಕಾದಶಿಯ ದಿನ ಇಡ್ಲಿ ವಡೆ ಮಾರುವ ಸ್ಟೇಷನ್ ನಡೆಯುವುದಿಲ್ಲ. ಹಾಗಾಗಿ ಗುಂತಕಲ್ ಬಂದ್. ಕುಡಿತಿನಿಯಂತೂ ಹೆಸರೇ ಎತ್ತುವಂತಿಲ್ಲ! ಮೈಲಿಗೆಯಾದರೆ ತುಂಗಭದ್ರಾ ಸ್ಟೇಷನ್ ಮೇಲೆ ಹಾದು ಹೋಗಿ ಮಡಿಯಾಗಬೇಕು. ಒಮ್ಮೆ ನಾನು ಗದಗ ಎಂದೆ. ರಾಯರು ಕಣ್ಣು ಮುಚ್ಚಿ, "ಗದಗಕ್ಕ ಸೂತಕ ಐತ್ರಿ, ನಾಡಿದ್ದು ಬಿಡ್ತೈತಿ" ಎಂದರು. ನಾನೂ ತಲೆಯಾಡಿಸಿ, ಹೌದಲ್ಲ, ಮರೆತಿದ್ದೆ ಎಂದೆ!

ಸಿರುಗುಪ್ಪಕ್ಕೆ ರೈಲೇ ಇಲ್ಲ. ಇದು ನನಗೆ ಗೊತ್ತಿರಲಿಲ್ಲವೇ? ಬಟ್ಟೆ ಗಂಟು ಹೊತ್ತು ಎಷ್ಟು ಸಲ ಬಸ್ಸಿನಲ್ಲಿ ಹೋಗಿ ಬಂದಿಲ್ಲ! ಆದರೂ ಓದಿದವರು ಹೇಳುತ್ತಿದ್ದಾರೆಂದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ ಎಂದು ಸುಮ್ಮನಾದೆ. ಆದರೆ ಸುಮ್ಮನೆ ಕೂರುವ ಜಾತಿ ನನ್ನದಲ್ಲ. ಸ್ಟೇಷನ್ನಿಗೆ ಹೋಗಿ ಟೈಂಟೇಬಲ್ ಪುಸ್ತಕ ತಂದೆ. ಊಟದ ಬಿಡುವಿನಲ್ಲಿ ಒಂದೊಂದೇ ಪುಟ, ಬೆರಳಿಟ್ಟು ಓದಿದೆ. ಶಾಲೆಯಲ್ಲಿ ಹತ್ತದ ಇಂಗ್ಲಿಷ್ ಅಕ್ಷರಗಳು ಟೈಂಟೇಬಲ್ಲಿನಲ್ಲಿ ಹತ್ತಿದವು. ಅರಸೀಕೆರೆಯಿಂದ ವಾಡಿಯ ತನಕ ಬಾಯಿಪಾಠ. ಅಷ್ಟಾದರೂ ಆರು ವರ್ಷದಲ್ಲಿ ಒಂದು ಸಲವೂ ನನಗೆ ಸಿರುಗುಪ್ಪ ಸಿಗಲಿಲ್ಲ. ನಾನು ಹತ್ತಿರ ಬಂದೆನೆಂದರೆ ಸಾಕು, ಎಲ್ಲಿಂದಲೋ ಒಂದು ಕಾನೂನು ಅಡ್ಡ ಬರುತ್ತಿತ್ತು.

ರಾಯರ ಮಗಳು ಅಳಿಯ ಇದೇ ಊರಿನ ಕಂಟೋನ್ಮೆಂಟಿನಲ್ಲಿದ್ದಾರೆ. ಅಳಿಯ ಕಾಲೇಜಿನಲ್ಲಿ ಪಾಠ ಹೇಳುವವರು, ಮೂರು ಡಿಗ್ರಿ. ಒಂದು ಸಂಜೆ ಅವರು ನಮ್ಮ ಆಟ ನೋಡುತ್ತ ನಿಂತರು. ಎರಡು ನಿಮಿಷವಾಗಿರಲಿಲ್ಲ, "ಮಾವಾ, ಇದಕ್ಕ ರೂಲ್ ಏನ್ರಿ?" ಎಂದುಬಿಟ್ಟರು.

ನನ್ನ ಕಿವಿ ನಿಮಿರಿತು. ಆರು ವರ್ಷದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಪ್ರಶ್ನೆ! ಬಟ್ಟೆ ಕತ್ತರಿಸುವುದರಲ್ಲೇ ಮುಳುಗಿದವನಂತೆ ನಟಿಸುತ್ತ ಕೇಳಿಸಿಕೊಂಡೆ.

"ರೂಲ್ ಎಲ್ಲಿವು ಮಾರಾಯಾ," ಎಂದರು ರಾಯರು. "ಆ ಹೊತ್ತಿಗೆ ಏನು ತಿಳಿತೈತೋ ಅದ ರೂಲ್."

ನನ್ನ ಕತ್ತರಿ ನಿಲ್ಲಲೇ ಇಲ್ಲ. ಮೂವತ್ತಾರು ಅಳತೆಯ ಫುಲ್ ಪ್ಯಾಂಟು ಅಲ್ಲಿಯೇ ಚಡ್ಡಿಯಾಯಿತು.

ಮೂರು ದಿನ ನಾಲ್ಕು ಗಂಟೆಗೆ ಸರಿಯಾಗಿ ಶಟರ್ ಅರ್ಧ ಇಳಿಸಿದೆ. ನಾಲ್ಕನೇ ದಿನ ರಾಯರು ಆ ಅರ್ಧ ಶಟರಿನ ಕೆಳಗೆ ಬಗ್ಗಿಕೊಂಡು, ಕೊಡೆ ಮುಂದೆ ಮಾಡಿ, ಒಳಗೆ ಬಂದರು. ಆ ವಯಸ್ಸಿನಲ್ಲಿ ಅಷ್ಟು ಬಗ್ಗಿದ್ದು ನೋಡಿ ನನಗೇ ನಾಚಿಕೆಯಾಯಿತು. ಆದರೂ, ಎಲ್ಲರ ಕಣ್ಣಲ್ಲಿ ನನ್ನನ್ನು ಹುಚ್ಚನನ್ನಾಗಿ ಮಾಡಿದಿರಿ ಎಂದೆ.

"ನಿಮಗ ಗೊತ್ತಿಲ್ಲ ಅಂತ ನನಗ ಮೊದಲನೇ ದಿನಾನ ಗೊತ್ತಿತ್ತು," ಎಂದರು. "ಕಚೇರಿಯಾಗ ಬಿ.ಎ. ಓದಿದೋರು, ಎಂ.ಎ. ಓದಿದೋರು ಎಲ್ಲಾರ ಮುಂದೂ ಆಡಿ ನೋಡೀನಿ. ಎರಡು ನಿಮಿಷಕ್ಕ ರೂಲ್ ಕೇಳ್ತಾರ, ನಕ್ಕು ಎದ್ದು ಹೋಗ್ತಾರ. ಕೂತವರು ನೀವೊಬ್ರ. ನಿಮ್ಮಂಥ ಆಟಗಾರ ನನಗ ಸಿಕ್ಕಿಲ್ಲ ಮಾಸ್ತರ್. ಕೊಪ್ಪಳ. ಆಡ್ರಿ."

ಏನು ಮಾಡಲಿ? ಆಡಿದೆ. ಆ ದಿನದಿಂದ ನಾನೂ ಕಾನೂನು ಮಾಡಲು ಶುರು ಮಾಡಿದೆ. ಜಿಪ್ ಕೆಟ್ಟ ದಿನ ಆದೋನಿ ನಡೆಯುವುದಿಲ್ಲ ಎಂದೆ. ರಾಯರು ಒಪ್ಪಿಕೊಂಡರು!

ಹೋದ ವರ್ಷದಿಂದ ರಾಯರ ಗಾಡಿ ಹಳಿ ಬದಲಿಸತೊಡಗಿತು. ನಾಲ್ಕಕ್ಕೆ ಬರುವವರು ಬೆಳಿಗ್ಗೆ ಹನ್ನೊಂದಕ್ಕೆ ಬರುವರು. ಒಂದೇ ಆಟದಲ್ಲಿ ಗುಂತಕಲ್ ಮೂರು ಸಲ ಬರುವುದು. ಒಮ್ಮೆ ಪಕ್ಕದ ಓಣಿಯಲ್ಲಿ ದಾರಿ ತಪ್ಪಿ ನಿಂತಿದ್ದರಂತೆ. ಅಳಿಯ ಬಂದು ನನ್ನ ಹತ್ತಿರ ಮೆಲ್ಲಗೆ ಹೇಳಿದರು: ಇನ್ನು ಅವರನ್ನು ನಮ್ಮ ಮನೆಗೇ ಕರೆದೊಯ್ಯುವುದು, ಹೊರಗೆ ಎಲ್ಲೂ ಬಿಡುವುದಿಲ್ಲ, ಅದಕ್ಕೆ ಮೊದಲು ತಲೆ ಎಷ್ಟು ನೆಟ್ಟಗಿದೆ ಎಂದು ಇವತ್ತು ಕೂತು ನೋಡುತ್ತೇನೆ. ಕಟಿಂಗ್ ಮೇಜಿನ ತುದಿಗೆ ಕೂತರು. ನನಗೆ ಏಳನೇ ಕ್ಲಾಸಿನ ಪರೀಕ್ಷೆ ನೆನಪಾಯಿತು.

ರಾಯರು ಹಗರಿ ಎಂದರು. ನಾನು ರಾಯದುರ್ಗ ಎಂದೆ. ಅವರು ಕೊಡೆಯ ಹಿಡಿ ಸವರುತ್ತ ಕೂತರು. ಚಹಾದ ಮೇಲೆ ಕೆನೆ ಕಟ್ಟಿತು. ಹುಡುಕಿ ಹುಡುಕಿ, ಕೊನೆಗೆ ಮುಖ ಬೆಳಗಿತು.

"ಪದ್ಮಾವತಿ," ಎಂದರು.

ಅದು ತೀರಿಹೋದ ಅವರ ಹೆಂಡತಿಯ ಹೆಸರು. ಅಳಿಯ ತಲೆ ಎತ್ತಿದರು. "ಮಾವಾ, ಅದು ಸ್ಟೇಷನ್ ಅಲ್ಲ..."

"ಸ್ಟೇಷನ್ನ ಐತ್ರಿ ಸಾಹೇಬ್ರ," ಎಂದೆ ನಾನು. "ಪ್ಯಾಸೆಂಜರ್ ಗಾಡಿ ಅಷ್ಟ ನಿಲ್ತೈತಿ. ಎಕ್ಸ್‌ಪ್ರೆಸ್ಸಿನಾಗ ಹೋಗೋರಿಗೆ ಕಾಣಂಗಿಲ್ಲ." ಆಮೇಲೆ ರಾಯರ ಕಡೆ ತಿರುಗಿ, ಇದರ ಮೇಲೆ ಹೇಳಲು ನನ್ನ ಹತ್ತಿರ ಯಾವ ಸ್ಟೇಷನ್ನೂ ಇಲ್ಲ, ಸೋತೆ ಎಂದೆ.

ಅಳಿಯ ನನ್ನನ್ನೇ ನೋಡಿದರು. ಮಾವನನ್ನು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಈ ಸಲ ರೂಲ್ ಕೇಳಲಿಲ್ಲ.

"ನಾ ಆಡ್ತೀನ್ರಿ," ಎಂದರು. "ಗುಂತಕಲ್."

ರಾಯರು ಕೊಡೆಯನ್ನು ನೆಲಕ್ಕೆ ಕುಟ್ಟಿದರು. "ಜಂಕ್ಷನ್. ಎದ್ದು ನಿಂತು ಹೇಳ್ರಿ."

ಮೂರು ಡಿಗ್ರಿಯ ಮನುಷ್ಯ, ಮೈಗೆಲ್ಲ ನೀಲಿ ದಾರದ ಚೂರು ಮೆತ್ತಿಕೊಂಡು, ಎದ್ದು ನಿಂತು ಹೇಳಿದರು.

ರಾಯರು ಈಗ ಕಂಟೋನ್ಮೆಂಟಿನಲ್ಲೇ ಇದ್ದಾರೆ. ನಾಲ್ಕು ಗಂಟೆಗೆ ಅಳಿಯನ ಸ್ಕೂಟರ್ ನನ್ನ ಅಂಗಡಿಯ ಮುಂದೆ ನಿಲ್ಲುತ್ತದೆ.

ನನ್ನ ಹತ್ತಿರ ಈಗ ಇರುವುದು: ಹೊಲಿಗೆ ಮಿಷನ್ ಆರು, ಕತ್ತರಿ ಎರಡು, ರಟ್ಟು ಕಿತ್ತ ಟೈಂಟೇಬಲ್ ಒಂದು. ಸಿರುಗುಪ್ಪ ಮುಟ್ಟಿದ್ದು ಸೊನ್ನೆ ಸಲ. ಸಂಜೆ ಹಾಕುವ ಕುರ್ಚಿ ಮೊದಲು ಎರಡಿದ್ದವು, ಈಗ ಮೂರು.