ಫಸ್ಟ್ ಗ್ರೇಡ್ ಗಡ್ಡದ ರಾಜ

ಒಂದು ವಸ್ತುವನ್ನು ಒಮ್ಮೆ ನೋಡಿ ಅದರ ದರ್ಜೆ ಹೇಳುವುದರಲ್ಲಿ ನನ್ನನ್ನು ಮೀರಿಸುವವನು ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ನನ್ನ ಎದುರಿಗೆ ಬರುವ ಧೈರ್ಯ ಮಾಡಿಲ್ಲ. ನಾನು ಟೈಲ್ಸ್ ಕಾರ್ಖಾನೆಯಲ್ಲಿ ಮಾಲು ಬೇರ್ಪಡಿಸುವವನು. ಬೆಲ್ಟಿನ ಮೇಲೆ ಟೈಲ್ಸುಗಳು ಸಾಲಾಗಿ ಬರುತ್ತಿರುತ್ತವೆ, ನಾನು ಪಕ್ಕದಲ್ಲಿ ನಿಂತು ಫಸ್ಟು, ಸೆಕೆಂಡು, ಥರ್ಡು ಎಂದು ಗುರುತು ಹಾಕುತ್ತಿರುತ್ತೇನೆ. ಕೂದಲೆಳೆಯಷ್ಟು ಬಿರುಕಿದ್ದರೂ ನನ್ನ ಕಣ್ಣು ತಪ್ಪಿಸಿ ಹೋಗಲಾರದು. ಬೆನ್ನ ಹಿಂದೆ ನನ್ನನ್ನು ಬಿರುಕಪ್ಪ ಎಂದು ಕರೆಯುತ್ತಾರಂತೆ. ಹೊಟ್ಟೆಕಿಚ್ಚಿನ ಜನ.

ಸಿಟ್ಟು ಸ್ವಲ್ಪ ಜಾಸ್ತಿ, ಒಪ್ಪಿಕೊಳ್ಳುತ್ತೇನೆ. ಆದರೆ ಅದು ತಾನಾಗಿ ಬರುವುದಿಲ್ಲ, ಎದುರಿಗಿರುವವರು ಬರಿಸುತ್ತಾರೆ. ಈ ಬೆಳ್ಳಿ ನಾಣ್ಯದ ರಾಮಾಯಣವೂ ಹಾಗೆಯೇ ಶುರುವಾಯಿತು.

ನನ್ನ ಮಾವ, ಅಂದರೆ ಹೆಂಡತಿಯ ಅಪ್ಪ, ಗಡಿಯಾರ ರಿಪೇರಿ ಮಾಡುತ್ತಿದ್ದವರು. ಕೈಯಲ್ಲಿ ಕಾಸಿಲ್ಲದ ಗಿರಾಕಿಗಳು ಕೆಲವೊಮ್ಮೆ ಅಜ್ಜಿಯ ಕಾಲದ ಬೆಳ್ಳಿ ನಾಣ್ಯ ತಂದುಕೊಟ್ಟು ಗಡಿಯಾರ ಬಿಡಿಸಿಕೊಂಡು ಹೋಗುತ್ತಿದ್ದರಂತೆ. ಒಂದೇ ರಾಜನ ತಲೆ, ಬೇರೆ ಬೇರೆ ಇಸವಿ. ಮಾವ ಮರದ ಪೆಟ್ಟಿಗೆಯೊಂದರಲ್ಲಿ ಇಸವಿಗೊಂದು ಗುಳಿ ಕೊರೆದು ಅವನ್ನು ಜೋಡಿಸಿದ್ದರು. ಕೊನೆಯ ಇಸವಿಯ ಗುಳಿ ಮಾತ್ರ ಖಾಲಿ ಉಳಿದಿತ್ತು. ಪೆಟ್ಟಿಗೆಯನ್ನು ಮಗಳಿಗೆ ಕೊಟ್ಟ ಮೇಲೂ ಅವರು ಬಂದಾಗಲೆಲ್ಲ ಅದನ್ನು ತೊಡೆಯ ಮೇಲಿಟ್ಟುಕೊಂಡು, ಒಂದೊಂದೇ ನಾಣ್ಯ ಸವರಿ, ಖಾಲಿ ಗುಳಿಗೆ ಬೆರಳಿಟ್ಟು ನಿಟ್ಟುಸಿರು ಬಿಡುತ್ತಿದ್ದರು. ಈಗ ಅವರ ಕಣ್ಣು ಹೋಗುತ್ತಿದೆ. ಡಾಕ್ಟರು ಸಮಾಧಾನಕ್ಕೊಂದು ಹೊಸ ಔಷಧಿ ಕೊಟ್ಟು ಕೈಚೆಲ್ಲಿದ್ದಾರೆ.

"ರೀ, ಅಪ್ಪ ಭಾನುವಾರ ಬರ್ತಾರೆ. ಕಣ್ಣು ಪೂರ್ತಿ ಹೋಗೋದರೊಳಗೆ ಆ ಗುಳಿ ತುಂಬಿದ್ದನ್ನ ಅವರು ಒಂದು ಸಲ ನೋಡ್ಬೇಕು" ಎಂದಳು ಹೆಂಡತಿ.

"ನನಗೆ ಬಿಡು. ಜಗತ್ತಿನಲ್ಲೇ ಫಸ್ಟ್ ಗ್ರೇಡ್ ನಾಣ್ಯ ತಂದು ಕೂರಿಸ್ತೀನಿ."

"ಜಗತ್ತಿನದು ಬೇಡ, ಪೆಟ್ಟಿಗೆಗೆ ಹೊಂದೋದು ತನ್ನಿ ಸಾಕು. ಅಂಗಡಿಯವರ ಹತ್ತಿರ ಜಗಳ ಆಡ್ಬೇಡಿ."

"ನಾನು ಯಾವಾಗ ಜಗಳ ಆಡಿದ್ದೀನಿ ಹೇಳು, ಯಾವಾಗ?" ಎಂದು ಆ ಕೂಡಲೇ ಜಗಳ ತೆಗೆದು, ಮಂಚ ಬದಲಿಸಲು ಕೂಡಿಟ್ಟಿದ್ದ ಹಣವನ್ನು ಜೇಬಿಗೆ ತುರುಕಿಕೊಂಡು ಹೊರಟೆ.

ಹಳೆಯ ನಾಣ್ಯಗಳ ಅಂಗಡಿ ಎರಡು ಕಟ್ಟಡಗಳ ನಡುವಿನ ಸಂದಿಯಲ್ಲಿತ್ತು. ಕೈಗೆ ಬಿಳಿ ಹತ್ತಿಯ ಗವಸು ಹಾಕಿಕೊಂಡ ಒಬ್ಬ ಬಡಕಲು ಮನುಷ್ಯ ಗಾಜಿನ ಪೆಟ್ಟಿಗೆಯ ಹಿಂದೆ ಕೂತಿದ್ದ. ನನ್ನ ಯೂನಿಫಾರ್ಮನ್ನೂ ಅದರ ಮೇಲಿನ ಟೈಲ್ಸಿನ ಧೂಳನ್ನೂ ಕನ್ನಡಕದ ಮೇಲಿಂದ ಒಮ್ಮೆ ನೋಡಿದ. ನನ್ನ ಸಿಟ್ಟಿನ ಬತ್ತಿ ಹೊತ್ತಿದ್ದು ಅಲ್ಲೇ.

ಸೆಟ್ಟಿನಲ್ಲಿ ಒಂದು ಕಡಿಮೆ ಇದೆ ಎಂದು ಇಸವಿ ಹೇಳಿದೆ.

"ಯಾವ ಗ್ರೇಡ್ ಬೇಕು ಸರ್?"

"ಒಳ್ಳೇದು."

"ನಮ್ಮ ಲೆಕ್ಕದಲ್ಲಿ ಒಳ್ಳೇದು ಅಂದ್ರೆ ಚೆನ್ನಾಗಿ ಸವೆದಿರೋದು ಸರ್. ಅದಕ್ಕಿಂತ ಮೇಲೆ ಬೇಕಂದ್ರೆ ಉತ್ತಮ, ಆಮೇಲೆ ಅತ್ಯುತ್ತಮ. ಎಲ್ಲಕ್ಕಿಂತ ಮೇಲೆ, ಯಾರೂ ಚಲಾಯಿಸದೇ ಇರೋದು."

"ಸವೆದಿರೋದನ್ನ ಒಳ್ಳೇದು ಅಂತೀರಾ? ನಮ್ಮ ಕಾರ್ಖಾನೆಯಲ್ಲಿ ಹಾಗಂದವನನ್ನ ಅವತ್ತೇ ಗೇಟಿನ ಹೊರಗೆ ಹಾಕ್ತಾರೆ."

ಅವನು ಮಖಮಲ್ಲಿನ ತಟ್ಟೆಯ ಮೇಲೆ ಮೂರು ನಾಣ್ಯ ಇಟ್ಟ. ಮೊದಲನೆಯದರಲ್ಲಿ ರಾಜನ ಮುಖ ಎಲ್ಲಿದೆ ಎಂದು ಹುಡುಕಬೇಕಿತ್ತು. ಎರಡನೆಯದರಲ್ಲಿ ಕಣ್ಣು, ಮೂಗು, ಕಿವಿ ಕಾಣುತ್ತಿದ್ದವು, ಗಲ್ಲ ಮಾತ್ರ ಸವೆದು ನುಣ್ಣಗಾಗಿತ್ತು. ಮೂರನೆಯದು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಸೀಲಾಗಿ ಕೂತಿತ್ತು. ಮೇಲೆ ಗ್ರೇಡಿನ ಚೀಟಿ. ಒಳಗೆ ರಾಜ ಥಳಥಳ ಹೊಳೆಯುತ್ತಿದ್ದ. ಅವನಿಗೆ ಗಡ್ಡವಿತ್ತು! ಗಡ್ಡದ ಒಂದೊಂದು ಕೂದಲನ್ನೂ ಬಿಡಿಸಿ ನೋಡಬಹುದಿತ್ತು.

"ನಿಮ್ಮ ಸೆಟ್ಟಲ್ಲಿ ಉಳಿದ ನಾಣ್ಯಗಳು ಹೇಗಿವೆ ಸರ್?"

"ಅದು ನಿಮಗ್ಯಾಕೆ?"

"ಸೆಟ್ಟಿಗೆ ಹೊಂದ್ಬೇಕಲ್ಲ. ಅವು ಸವೆದಿದ್ರೆ ಇದೂ ಸವೆದಿದ್ರೇನೇ ಚೆಂದ. ನಿಮಗೆ ಈ ಮಧ್ಯದ್ದು ಸರಿಹೋಗುತ್ತೆ." ಹೀಗೆಂದು ಹೊಳೆಯುವ ಡಬ್ಬಿಯನ್ನು ಒಂದೇ ಬೆರಳಿನಿಂದ ತನ್ನ ಕಡೆಗೆ ಎಳೆದುಕೊಂಡ.

ಆ ಬೆರಳು! ನನ್ನ ಮೈಯೆಲ್ಲ ಉರಿದುಹೋಯಿತು. ನಿನ್ನ ಮುಖಕ್ಕೆ ಇದು ಯಾಕೆ ಎಂದಂತಿತ್ತು ಆ ಬೆರಳು. ದಿನವಿಡೀ ಗ್ರೇಡು ಹಾಕುವ ನನಗೇ ಈ ಗವಸಿನವನು ಗ್ರೇಡು ಹಾಕುತ್ತಿದ್ದಾನೆ, ಅದೂ ಮಧ್ಯದ್ದು.

"ಅದನ್ನೇ ಕೊಡಿ" ಎಂದೆ, ಡಬ್ಬಿ ತೋರಿಸಿ.

"ಸರ್, ಬೆಲೆ..."

"ನಾನು ಬೆಲೆ ಕೇಳಿದ್ನಾ?"

ಕೇಳಬೇಕಿತ್ತು. ಅವನು ಹೇಳಿದ ಮೇಲೆ ನನಗೆ ಹಳೆಯ ಮಂಚದ ಮೇಲೆ ಎಲ್ಲಿಲ್ಲದ ಪ್ರೀತಿ ಹುಟ್ಟಿತು. ಆದರೆ ಸಿಟ್ಟಿನಲ್ಲಿ ಮುಂದಿಟ್ಟ ಕಾಲನ್ನು ಹಿಂದಿಡುವ ಅಭ್ಯಾಸ ನನಗಿಲ್ಲ. ಎಣಿಸಿ ಕೊಟ್ಟೆ.

"ಡಬ್ಬಿ ಒಡೀಬೇಡಿ ಸರ್, ಒಡೆದ್ರೆ ಗ್ರೇಡು ಹೋಯ್ತು. ಬೆರಳಲ್ಲಿ ಮುಟ್ಟಬೇಡಿ. ಉಳಿದವನ್ನೂ ತೊಳೆಯೋದು, ಉಜ್ಜೋದು ಮಾಡ್ಬೇಡಿ."

"ನಾನೇನು ಪಾತ್ರೆ ತಗೊಂಡು ಹೋಗ್ತಿದ್ದೀನಾ?" ಎಂದು ಬಾಗಿಲನ್ನು ದಡಾರನೆ ಹಾಕಿಕೊಂಡು ಬಂದೆ.

ಮನೆಗೆ ಬಂದು ಪೆಟ್ಟಿಗೆ ತೆರೆದೆ. ಡಬ್ಬಿ ಗುಳಿಯೊಳಗೆ ಹೋಗಲಿಲ್ಲ. ಹೇಗೆ ಹೋದೀತು? ಮಾವ ಗುಳಿ ಕೊರೆದಿದ್ದು ನಾಣ್ಯದ ಅಳತೆಗೆ. ಡಬ್ಬಿ ಅಂಗೈಯಗಲ ಇತ್ತು. ಹೆಂಡತಿ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು.

"ಅದನ್ನ ಪೆಟ್ಟಿಗೆ ಪಕ್ಕದಲ್ಲೇ ಇಡೋಣ್ವಾ?"

"ಗುಳಿ ತುಂಬಬೇಕು ಅಂದಿದ್ದು ನೀನು. ಪಕ್ಕದಲ್ಲಿ ಇಟ್ರೆ ಗುಳಿ ತುಂಬುತ್ತಾ?"

"ಹಾಗಾದ್ರೆ ವಾಪಸ್ ಕೊಟ್ಟು ಡಬ್ಬಿ ಇಲ್ಲದ್ದೊಂದು..."

"ಆ ಬೆರಳಿನವನ ಹತ್ತಿರ ನಾನು ವಾಪಸ್ ಹೋಗ್ಬೇಕಾ?"

ಡಬ್ಬಿಯನ್ನು ಉಗುರಿನಿಂದ ಕೆರೆದೆ, ಚಾಕುವಿನಿಂದ ತಿವಿದೆ. ಅದು ಜಗ್ಗಲಿಲ್ಲ. ಪ್ಲಾಸ್ಟಿಕ್ಕಿನ ತುಂಡೊಂದು ನನ್ನನ್ನು ಎದುರಿಸಿ ನಿಲ್ಲುವುದೆಂದರೇನು? ಸುತ್ತಿಗೆ ತಂದೆ. ಹೆಂಡತಿ ಬೇಡ ಬೇಡ ಎನ್ನುತ್ತಿದ್ದಂತೆ ಒಂದೇ ಏಟು ಹಾಕಿದೆ. ಡಬ್ಬಿ ಎರಡು ಹೋಳಾಯಿತು. ರಾಜ ಚಿಮ್ಮಿ ಮೇಲೆ ಹಾರಿ, ನೆಲಕ್ಕೆ ಬಿದ್ದು, ಠಣ್ ಎಂದು ಸದ್ದು ಮಾಡಿ ಕಪಾಟಿನ ಕೆಳಗೆ ಉರುಳಿಹೋದ.

ಎತ್ತಿ ನೋಡಿದರೆ ಅಂಚು ಜಜ್ಜಿತ್ತು. ಬೆರಳಿಗೆ ಸಿಗುವಂಥ ತಗ್ಗು. ನೆಲ ನೋಡಿದೆ. ನಾನೇ ಆರಿಸಿ ಹಾಕಿಸಿದ್ದ ಫಸ್ಟ್ ಗ್ರೇಡ್ ಟೈಲ್ಸು. ಒಂದು ಗೀರೂ ಬಿದ್ದಿರಲಿಲ್ಲ.

"ನೋಡಿದ್ಯಾ, ಮಾಲು ಅಂದ್ರೆ ಇದು" ಎಂದೆ. ಹೆಂಡತಿ ನನ್ನನ್ನು ನೋಡಿದ ರೀತಿಯನ್ನು ಇಲ್ಲಿ ವರ್ಣಿಸುವುದಿಲ್ಲ.

ಜಜ್ಜಿದ ಭಾಗವನ್ನು ಕೆಳಗೆ ಮಾಡಿ ನಾಣ್ಯವನ್ನು ಗುಳಿಯಲ್ಲಿ ಕೂರಿಸಿದೆ. ಆಗ ಇನ್ನೊಂದು ಅನಾಹುತ ಕಣ್ಣಿಗೆ ಬಿತ್ತು. ಮಾವನ ಹಳೆಯ ನಾಣ್ಯಗಳೆಲ್ಲ ಕಪ್ಪು ಹಿಡಿದಿದ್ದವು. ಅವುಗಳ ಮೇಲಿದ್ದ ರಾಜರೆಲ್ಲ ಸವೆದು ಸವೆದು ನುಣ್ಣಗೆ ಕ್ಷೌರ ಮಾಡಿಸಿಕೊಂಡವರ ಹಾಗೆ ಕೂತಿದ್ದರು. ಮೂಲೆಯಲ್ಲಿ ಇವನೊಬ್ಬ ಗಡ್ಡ ಬಿಟ್ಟುಕೊಂಡು ಮಿಂಚುತ್ತಿದ್ದ.

"ಅಪ್ಪನ ನಾಣ್ಯಗಳು ಬಡಪಾಯಿಗಳ ಹಾಗೆ ಕಾಣ್ತಿವೆ" ಎಂದಳು ಹೆಂಡತಿ ಮೆಲ್ಲಗೆ. "ಅಂಗಡಿಯವನು ಹೊಂದೋದು ಕೊಡ್ತೀನಿ ಅನ್ನಲಿಲ್ವಾ?"

ಈ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಇತ್ತು. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. "ನಿಮ್ಮಪ್ಪ ಇಷ್ಟು ವರ್ಷದಲ್ಲಿ ಒಂದು ಸಲನಾದ್ರೂ ಇವನ್ನ ತೊಳೆದಿದ್ರೆ ಈ ಗತಿ ಬರ್ತಿರಲಿಲ್ಲ" ಎಂದುಬಿಟ್ಟೆ. ಅವಳು ಚೀಲ ಎತ್ತಿಕೊಂಡು ತರಕಾರಿ ತರಲು ಹೋದಳು.

ಅವಳು ಬೀದಿಯ ತಿರುವು ದಾಟಿದ್ದೇ ತಡ, ಪೆಟ್ಟಿಗೆಯನ್ನು ಬಚ್ಚಲಿಗೆ ಒಯ್ದೆ. ಒಂದು ನಾಣ್ಯ ಹೊಸದರಂತಿದ್ದರೆ ಉಳಿದವೂ ಹೊಸದರಂತಾಗಲಿ, ಅಷ್ಟೇ ತಾನೇ? ಹಲ್ಲುಪುಡಿ ಸುರಿದುಕೊಂಡೆ, ಹಳೆಯ ಬ್ರಷ್ ಹಿಡಿದೆ. ಮೊದಲನೆಯ ರಾಜನನ್ನು ಅಂಗಡಿಯವನ ಬೆರಳು ನೆನೆದು ಉಜ್ಜಿದೆ. ಎರಡನೆಯವನನ್ನು ಡಬ್ಬಿ ನೆನೆದು ಉಜ್ಜಿದೆ. ಆಮೇಲೆ ಸುಪರ್‌ವೈಸರ್, ಪಕ್ಕದ ಮನೆಯವನು, ನನಗೆ ಬಿರುಕಪ್ಪ ಎಂದು ಹೆಸರಿಟ್ಟವನು, ಎಲ್ಲರೂ ಸರದಿಯ ಮೇಲೆ ಬಂದರು. ಕರಿ ನೀರು ಹರಿದುಹೋಯಿತು. ಉಜ್ಜಿ, ಒರೆಸಿ ಜೋಡಿಸಿದಾಗ ಪೆಟ್ಟಿಗೆ ಕಣ್ಣು ಕೋರೈಸುತ್ತಿತ್ತು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಹೆಂಡತಿ ಬಂದು ನೋಡಿದಳು. ಕೂಗಾಡಲಿಲ್ಲ. ತರಕಾರಿ ಚೀಲ ಕೈಯಿಂದ ಜಾರಿತು, ಅವಳು ಅಲ್ಲೇ ಕುರ್ಚಿಯ ಮೇಲೆ ಕೂತಳು.

"ಆ ಕಪ್ಪು ಅಪ್ಪನ ಕೈಯದು" ಎಂದಳು. "ಗಡಿಯಾರದ ಅಂಗಡಿಯಲ್ಲಿ ಎಣ್ಣೆ ಕೈಯಲ್ಲೇ ಮುಟ್ಟಿ ಮುಟ್ಟಿ ಇಟ್ಟಿದ್ದು. ನನಗೆ ಬೇಕಾಗಿದ್ದು ಅದು. ಬೆಳ್ಳಿ ಯಾರಿಗೆ ಬೇಕಿತ್ತು?"

"ಅಲ್ಲ ಕಣೇ, ನಾನು..."

"ನಿಮ್ಮ ಸಿಟ್ಟಿಗೆ ಯಾರೋ ಹಾಗಂದ, ಯಾರೋ ಹೀಗಂದ ಅನ್ನೋದೊಂದೇ ಗೊತ್ತು. ನಾನು ಏನು ಕೇಳಿದ್ದೆ ಅಂತ ಗೊತ್ತೇ ಇಲ್ಲ. ನಾಳೆ ಅಪ್ಪ ಬಂದು ಇವು ನನ್ನವಲ್ಲ ಅಂದ್ರೆ ಏನು ಹೇಳಲಿ?"

ಅವಳಿಗೆ ಇಷ್ಟು ಸಿಟ್ಟು ಬಂದಿದ್ದನ್ನು ನಾನು ನೋಡಿರಲಿಲ್ಲ. ನನ್ನದು ಹೊಗೆಯಿರುವ ಸಿಟ್ಟು, ಅವಳದು ಬರೀ ಕೆಂಡ. ಅಂದು ಅವಳು ಬಡಿಸಿದ್ದನ್ನು ಉಪ್ಪಿಲ್ಲದಿದ್ದರೂ ತುಟಿ ಪಿಟಕ್ಕೆನ್ನದೆ ಉಂಡೆ.

ಭಾನುವಾರ ಬೆಳಿಗ್ಗೆ ಮಾವ ಬಂದರು. ಕಾಫಿ ಮುಗಿಸಿದವರೇ "ಎಲ್ಲಮ್ಮಾ ಪೆಟ್ಟಿಗೆ?" ಎಂದರು. ಹೆಂಡತಿ ಅದನ್ನು ಅವರ ತೊಡೆಯ ಮೇಲಿಟ್ಟು ದೂರ ನಿಂತಳು. ನಾನು ಓಡಲು ಅನುಕೂಲವಾಗುವಂತೆ ಬಾಗಿಲ ಪಕ್ಕ ನಿಂತೆ.

ಮಾವ ಮುಚ್ಚಳ ತೆರೆದು ಮುಖವನ್ನು ಪೆಟ್ಟಿಗೆಯ ಹತ್ತಿರ ತಂದರು. ಬಹಳ ಹೊತ್ತು ನೋಡಿದರು.

"ಏನಮ್ಮಾ, ಎಲ್ಲಾ ಬೆಳ್ಳಗೆ ಕಾಣ್ತಿದೆಯಲ್ಲ. ಡಾಕ್ಟರ ಹೊಸ ಔಷಧಿ ಕೆಲಸ ಮಾಡ್ತಿದೆ ಅನ್ಸುತ್ತೆ."

ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಾವ ನಾಣ್ಯವೊಂದನ್ನು ಎತ್ತಿ ಹೆಬ್ಬೆರಳಿನಿಂದ ಸವರಿದರು. ತಟಕ್ಕನೆ ಬೆರಳು ನಿಂತಿತು. ನಾಣ್ಯವನ್ನು ಮೂಗಿನ ಹತ್ತಿರ ತಂದರು.

"ಅಳಿಯಂದಿರೇ, ರಾಜನಿಗೆ ಹಲ್ಲುಜ್ಜಿಸಿದ್ರಾ?"

ನಾನು ಎಲ್ಲವನ್ನೂ ಹೇಳಿಬಿಟ್ಟೆ. ಬೆರಳು, ಡಬ್ಬಿ, ಸುತ್ತಿಗೆ, ಬ್ರಷ್ಷು. ಸಿಟ್ಟಿನಲ್ಲಿ ಮಾತ್ರ ದೊಡ್ಡದಾಗುವ ನನ್ನ ದನಿ ಅಂದು ನನಗೇ ಕೇಳಿಸುತ್ತಿರಲಿಲ್ಲ. "ತಪ್ಪಾಯ್ತು ಮಾವ" ಎಂದೆ.

ಮಾವ ನಾಣ್ಯಗಳನ್ನು ಒಂದೊಂದಾಗಿ ಸವರುತ್ತಾ ಹೋದರು. "ಇದು ಗೋಡೆ ಗಡಿಯಾರ ತಂದಿದ್ದವನದು. ಇದು ಟೀಚರಮ್ಮನದು. ಸವೆದಿರೋ ಜಾಗ ಹಾಗೇ ಇದೆ. ಕಪ್ಪು ಹೋದ್ರೇನು, ಮತ್ತೆ ಬರುತ್ತೆ. ಮುಟ್ಟುತ್ತಾ ಇದ್ರೆ ಸರಿ." ಹಿಂದೆ ಹೆಂಡತಿ ಉಸಿರು ಬಿಟ್ಟ ಸದ್ದು ಕೇಳಿಸಿತು. ಕೊನೆಯ ಗುಳಿಗೆ ಮಾವನ ಬೆರಳು ಎಂದಿನ ಹಾಗೆ ಖಾಲಿ ಜಾಗ ಹುಡುಕುತ್ತಾ ಹೋಯಿತು. ಬೆಳ್ಳಿಗೆ ತಾಗಿತು. ಅವರು ಮತ್ತೆ ಮತ್ತೆ ಸವರಿದರು.

"ಇವನಿಗೆ ಗಡ್ಡ ಇದೆ" ಎಂದರು. "ಇಷ್ಟು ಕಾಲ ಬೋಳು ಗಲ್ಲದವನು ಅಂತಲೇ ಅಂದ್ಕೊಂಡಿದ್ದೆ ಕಣಮ್ಮಾ. ಗಡ್ಡ ಇದೆ ಇವನಿಗೆ." ಆಮೇಲೆ ಬೆರಳು ಅಂಚಿಗೆ ಹೋಗಿ ತಗ್ಗಿನ ಹತ್ತಿರ ನಿಂತಿತು.

"ತಂದಾಗ ಅದು ಫಸ್ಟ್ ಗ್ರೇಡು, ಮಾವ" ಎಂದೆ, ಉಳಿದಿದ್ದ ಮಾನವನ್ನೆಲ್ಲ ಕೂಡಿಸಿಕೊಂಡು. "ಮನೆಗೆ ಬಂದ ಮೇಲೆ ಇಳಿದಿದ್ದು."

"ಫಸ್ಟ್ ಗ್ರೇಡು ನಮ್ಮ ಮನೆಗೆ ಆಗಿಬರಲ್ಲ ಅಳಿಯಂದಿರೇ. ಮಗಳಿಗೆ ಗಂಡು ನೋಡುವಾಗ ಅಂಥವನೊಬ್ಬ ಬಂದಿದ್ದ. ಒಂದು ಕೊಂಕಿಲ್ಲ, ಗಟ್ಟಿಯಾಗಿ ಒಂದು ಮಾತಿಲ್ಲ. ಮುಟ್ಟೋಕೇ ಭಯ ಆಗ್ತಿತ್ತು. ಆಮೇಲೆ ನೀವು ಬಂದ್ರಿ. ಬಂದವರೇ ನಮ್ಮನೆ ಬಾಗಿಲಿನ ಚಿಲಕ ಸರಿಯಿಲ್ಲ ಅಂತ ನನ್ನ ಮೇಲೆ ರೇಗಿದ್ರಿ. ರೇಗ್ತಾ ರೇಗ್ತಾನೇ ಅದನ್ನ ಬಿಚ್ಚಿ ರಿಪೇರಿ ಮಾಡಿದ್ರಿ. ಸೆಕೆಂಡ್ ಗ್ರೇಡು ಅಂತ ಆಗಲೇ ಗೊತ್ತಾಯ್ತು. ಗೊತ್ತಿದ್ದೇ ತಗೊಂಡಿದ್ದು."

ಇಷ್ಟು ವರ್ಷ ಈ ಮನೆಗೆ ನಾನು ಫಸ್ಟ್ ಗ್ರೇಡ್ ಮಾಲಾಗಿ ಬಂದವನು ಎಂದು ಎದೆಯುಬ್ಬಿಸಿ ನಡೆದವನು ನಾನು. ಸಮಾಧಾನಕ್ಕೆಂದು ಹೆಂಡತಿಯ ಮುಖ ನೋಡಿದೆ. ನಿನ್ನೆಯಿಂದ ಬಿಗಿದುಕೊಂಡಿದ್ದ ಆ ಮುಖ ಈಗ ಸಡಿಲಾಗಿತ್ತು.

"ಎದುರಿಗಿದ್ದಾರೆ ಅಂತ ಸುಳ್ಳು ಹೇಳ್ಬೇಡಿ ಅಪ್ಪಾ" ಎಂದಳು. "ಅವತ್ತು ನೀವು ಥರ್ಡ್ ಅಂದಿದ್ರಿ. ಜಗಳ ಆಡಿ ಸೆಕೆಂಡ್ ಮಾಡಿಸಿದ್ದು ನಾನು."