ಮೀನಿನ ಪುಡಿಯೂ ಕಿಟಕಿ ಪಕ್ಕದ ಸೀಟೂ

ಮನುಷ್ಯ ಒಳ್ಳೆಯ ಕೆಲಸಕ್ಕೆ ಕೈಹಾಕುವ ಮೊದಲು ಬಸ್ಸಿನ ಸೀಟಿನ ಬಗ್ಗೆ ಒಮ್ಮೆ ಯೋಚಿಸಬೇಕು. ನಾನು ಯೋಚಿಸಲಿಲ್ಲ. ಹುಬ್ಬಳ್ಳಿಯಲ್ಲಿ ಸಾಕುಮೀನುಗಳ ಆಹಾರ ತಯಾರಿಸುವ ಪುಟ್ಟ ಕಾರ್ಖಾನೆಯಲ್ಲಿ ನನ್ನ ನೌಕರಿ, ಮನೆ ಧಾರವಾಡದಲ್ಲಿ. ಒಣಮೀನಿನ ಪುಡಿ ಬೆರೆಸಿ ಬೆರೆಸಿ ನನ್ನ ಮೈಯಷ್ಟೇ ಅಲ್ಲ, ನೆರಳೂ ನಾರುತ್ತಿತ್ತು. ಹಿತ್ತಲ ನಲ್ಲಿಯ ಕೆಳಗೆ ತೊಳೆಯದೆ ಹೆಂಡತಿ ನನ್ನನ್ನು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಆದರೆ ಬಸ್ಸಿನಲ್ಲಿ ನಾನು ಮಹಾರಾಜ! ಕಿಟಕಿಯಿಂದ ಟವೆಲ್ ಎಸೆದರೆ ಸೀಟು ಎಸೆದವನದು ಎಂಬುದು ನಮ್ಮ ಕಡೆಯ ಕಾನೂನು. ಅದನ್ನೂ ಸರಿಸಿ ಕೂತು ಜಗಳಕ್ಕೆ ಬರುವವರಿದ್ದಾರೆ. ನನ್ನ ಟವೆಲ್ ಮುಟ್ಟುವ ಗಂಡು ಮಾತ್ರ ಈ ಅವಳಿನಗರದಲ್ಲಿ ಹುಟ್ಟಿರಲಿಲ್ಲ. ಪಕ್ಕದ ಸೀಟೂ ಖಾಲಿಯೇ. ನೋಯುವ ಮಂಡಿ ಚಾಚಿಕೊಂಡು ಆರಾಮಾಗಿ ಬರುತ್ತಿದ್ದೆ.

ಇಂಥ ಸುಖದಲ್ಲಿ ಇರಲಾರದೆ ಇರುವೆ ಬಿಟ್ಟುಕೊಂಡೆ. ಸಮುದ್ರದ ಸಣ್ಣ ಮೀನು ಹಿಡಿದು ಕೆರೆಯ ಮೀನಿಗೆ ತಿನ್ನಿಸುವುದು ಯಾವ ನ್ಯಾಯ ಎಂದು ಮಾಲೀಕರಿಗೆ ಉಪದೇಶ ಮಾಡಿದೆ. ಮೀನಿನ ಪುಡಿ ಹೋಗಿ ಸೋಯಾ, ಶೇಂಗಾ ಹಿಂಡಿ, ಒಣಗಿಸಿದ ನೊಣದ ಹುಳುವಿನ ಹಿಟ್ಟು ಬಂತು. ಮಾಲೀಕರು ಒಪ್ಪಿದರು, ಮೀನುಗಳೂ ಒಪ್ಪಿದವು. ಹೆಂಡತಿಯಂತೂ ಮುಂಬಾಗಿಲಿನಿಂದಲೇ ಒಳಗೆ ಕರೆದಳು.

ಮರುವಾರ ಟವೆಲ್ ಎಸೆದು ಬಸ್ಸು ಹತ್ತಿದರೆ, ನನ್ನ ಸೀಟಿನಲ್ಲಿ ಒಬ್ಬ ಅಜ್ಜಿ! ಟವೆಲ್ ಅವರ ಮಡಿಲಲ್ಲಿ.

"ಅಜ್ಜಿ, ಅದು ನನ್ನ ಟವೆಲ್ರಿ."

"ನಿಂದೇನಪಾ? ಶೇಂಗಾ ಹುರದಂಗ ಘಮಾ ಅಂತೈತಿ. ಉಂಡಿ ಕಟ್ಕೊಂಡ್ ಬಂದಿದ್ದೇನು?"

ಕೊನೆಯ ಅಸ್ತ್ರ ಬಿಟ್ಟೆ. "ಬರೇ ಶೇಂಗಾ ಅಲ್ರಿ, ಅದರಾಗ ನೊಣದ ಹುಳಾನೂ ಅದಾವು!"

ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕರು. "ಅಯ್ಯ, ನಮ್ಮ ಕೋಳಿ ದಿನಾ ತಿಪ್ಪ್ಯಾಗ ಅದನ್ನ ತಿಂತಾವ. ಎಷ್ಟ ದಪ್ಪ ಆಗ್ಯಾವ ಗೊತ್ತೇನು!" ಎಂದವರೇ ಟವೆಲ್ ಮಡಿಚಿ ತಲೆದಿಂಬು ಮಾಡಿಕೊಂಡರು. ನವನಗರ ಬರುವಷ್ಟರಲ್ಲಿ ಗೊರಕೆ. ನಾನು ಧಾರವಾಡದವರೆಗೂ ನಿಂತೆ.

ಮರುದಿನ ಮಾಲೀಕರ ಹತ್ತಿರ ಗೋಗರೆದೆ. "ಸಾವ್ಕಾರ್ರ, ಒಂದೀಟು ಮೀನಿನ ಪುಡಿ ಹಾಕೂಣ್ರಿ. ಭಾಳ ತ್ರಾಸ ಆಗಾಕತ್ತೈತಿ."

"ಸಮುದ್ರದ ಮೀನು ಆರಾಮ, ಕೆರಿ ಮೀನು ಆರಾಮ, ನಿಮ್ಮ ಮನಿಯವರೂ ಆರಾಮ. ಮತ್ತ ತ್ರಾಸ ಯಾರಿಗ್ರಿ?"

"ಯಾರಿಗೂ ಇಲ್ಬಿಡ್ರಿ," ಎಂದು ಮಂಡಿ ತಿಕ್ಕಿಕೊಂಡೆ.

ಸಂಜೆ ಉಪದೇಶವನ್ನೆಲ್ಲ ಗಂಟುಕಟ್ಟಿಟ್ಟು, ಮಾರ್ಕೆಟ್ಟಿನಲ್ಲಿ ಒಂದು ಒಣಮೀನು ಕೊಂಡು ಹೊಸ ಟವೆಲ್ಲಿನಲ್ಲಿ ಸುತ್ತಿ ಎಸೆದೆ. ಸೀಟು ಸಿಕ್ಕಿತು, ಪಕ್ಕದ್ದೂ ಸಿಕ್ಕಿತು. ಮನೆಯ ಮುಂಬಾಗಿಲಲ್ಲಿ ಹೆಂಡತಿ ಒಮ್ಮೆ ಮೂಗೆಳೆದಳು. ಹಿತ್ತಲ ಕಡೆ ಬೆರಳು ತೋರಿಸಿದಳು.