ನಾಯಿಗೆ ಮುಂದಿನ ಲಿಫ್ಟ್, ನಮಗೆ ಹಿತ್ತಲ ಲಿಫ್ಟ್

ಬಾಡಿಗೆ ತಗೊಂಡು ಲಿಫ್ಟ್ ಕೊಡದಿರುವುದು ಮೋಸ. ಅದಕ್ಕೆ ಇವರು ಹೌಸಿಂಗ್ ಸೊಸೈಟಿಯ ರೂಲು ಅಂತ ಹೆಸರಿಟ್ಟಿದ್ದಾರೆ.

ಹೆಂಡತಿಗೆ ಮೊಣಕಾಲಿನ ಆಪರೇಷನ್ ಆಗಿತ್ತು. ಮುಂಬಯಿಯ ಸಯನ್ನಿನ ನಮ್ಮ ಹಳೇ ಬಿಲ್ಡಿಂಗ್‌ಗೆ ಲಿಫ್ಟ್ ಇಲ್ಲ. ಲಿಫ್ಟ್‌ಗೋಸ್ಕರವೇ ಅಂಧೇರಿಯಲ್ಲಿ, ಕಾಗೆ ಕೂಡ ಪರ್ಮಿಷನ್ ತಗೊಂಡು ಕೂಗುವಂಥ ಶ್ರೀಮಂತ ಗಲ್ಲಿಯಲ್ಲಿ ಫ್ಲ್ಯಾಟ್ ಹಿಡಿದೆವು. ಅಲ್ಲಿ ವಾರಕ್ಕೊಂದು ತಮಾಷೆ ನಡೆಯುತ್ತದೆ. ನನಗೆ ಸಿಟ್ಟು ಬರುತ್ತದೆ, ಹೆಂಡತಿಗೆ ನಗು.

ಇಂಟರ್‌ವ್ಯೂ

ಓನರ್ ಒಪ್ಪಿದರೆ ಸಾಲದು, ಸೊಸೈಟಿಯ ಕಮಿಟಿ ನಮ್ಮನ್ನು ನೋಡಬೇಕಂತೆ. ಕೂತೆವು. ಸೆಕ್ರೆಟರಿ ಕೇಳಿದ:

"ಮನೆಗೆ ನೆಂಟರು ಬರ್ತಾರಾ?"

"ಬರ್ತಾರೆ."

"ಜೋರಾಗಿ ಮಾತಾಡುವ ಪೈಕಿಯಾ?"

ನಾನು ಶಾಲೆ ಬಿಟ್ಟು ಯೂನಿಯನ್ನಿನ ಗೇಟ್ ಮೀಟಿಂಗ್‌ಗಳಲ್ಲಿ ಮಾತು ಕಲಿತವನು. ನನ್ನ ಪಿಸುಮಾತೇ ರಸ್ತೆಯಾಚೆ ಕೇಳುತ್ತದೆ.

"ಇದು ಸೈಲೆಂಟ್ ಸೊಸೈಟಿ. ಕುಕ್ಕರ್ ಸೀಟಿ ಕೂಡ ಒಂದೆರಡಕ್ಕೆ ಮುಗಿಸಬೇಕು."

ವಿಜಯಪುರದ ನನ್ನ ಹೆಂಡತಿ ನನ್ನ ಕಡೆ ತಿರುಗಿ ಕನ್ನಡದಲ್ಲಿ ಅಂದಳು: "ಬ್ಯಾಳಿ ಇವನಪ್ಪನ ಕೇಳಿ ಕುದೀತದೇನ್ರಿ?"

"ಏನಂತೆ?" ಅಂದ ಸೆಕ್ರೆಟರಿ.

"ನಿಮ್ಮ ತಂದೆಯವರನ್ನ ವಿಚಾರಿಸಿದಳು," ಅಂದೆ. ಅವನಿಗೆ ಭಾಳ ಖುಷಿಯಾಯಿತು. ಫ್ಲ್ಯಾಟ್ ಸಿಕ್ಕಿತು.

ಮೆಂಬರ್

ಮೊದಲ ದಿನವೇ ವಾಚ್‌ಮನ್ ಅಡ್ಡ ನಿಂತ. "ಮುಂದಿನ ಲಿಫ್ಟ್ ಮೆಂಬರ್‌ಗಳಿಗೆ. ಬಾಡಿಗೆಯವರು, ಕೆಲಸದವರು ಹಿತ್ತಲ ಲಿಫ್ಟ್."

ಹಿತ್ತಲ ಲಿಫ್ಟ್ ಕಸದ ಕೋಣೆಯ ಪಕ್ಕ ತೆರೆಯುತ್ತದೆ. ಅಲ್ಲಿಂದ ಗೇಟಿಗೆ ಮತ್ತೆ ಮೆಟ್ಟಿಲು. ಯಾವ ಮೆಟ್ಟಿಲಿಗೆ ಹೆದರಿ ಮನೆ ಬಿಟ್ಟೆವೋ ಅದೇ ಮೆಟ್ಟಿಲು! ಹೊರಗೆ ಹೊರಟಾಗ ಹೆಂಡತಿ ಕೋಲು ಊರಿಕೊಂಡು, ಹಲ್ಲು ಕಚ್ಚಿ ಇಳಿದಳು.

ಅಷ್ಟರಲ್ಲಿ ಮುಂದಿನ ಲಿಫ್ಟ್ ತೆರೆಯಿತು. ಒಳಗಿಂದ ಸೆಕ್ರೆಟರಿಯ ನಾಯಿ ಒಂದೇ ಬಂತು, ರಾಜನ ಹಾಗೆ. ಅವರ ಮನೆಯ ಕೆಲಸದವಳು ಮೇಲಿನ ಮಹಡಿಯಲ್ಲಿ ನಾಯಿಯನ್ನು ಹತ್ತಿಸಿ, ಗುಂಡಿ ಒತ್ತಿ, ತಾನು ಹಿತ್ತಲ ಲಿಫ್ಟ್‌ನಲ್ಲಿ ಇಳಿದು, ಏದುಸಿರು ಬಿಡುತ್ತ ಓಡಿಬಂದು ಅದನ್ನು ಹಿಡಿದುಕೊಂಡಳು.

"ನಾಯಿ ಮೆಂಬರೇನಪ್ಪಾ?" ಅಂತ ವಾಚ್‌ಮನ್ ಮೇಲೆ ಗುಡುಗಿದೆ.

"ಮೆಂಬರ್ ಅಲ್ಲ ಸಾಬ್, ಮೆಂಬರ್ ಫ್ಯಾಮಿಲಿ."

ಗೇಟಿನ ತನಕ ಬೈಯುತ್ತ ಹೋದೆ. ಹೆಂಡತಿ ಅಂದಳು: "ನೀವೂ ದಿನಾ ಬೊಗಳತೀರಿ. ಆದ್ರೂ ನಿಮಗ ಮುಂದಿನ ಲಿಫ್ಟ್ ಸಿಗವಲ್ದು ನೋಡ್ರಿ."

ಯಾರದು ಗಲಾಟೆ?

ಒಂದು ಭಾನುವಾರ ಇಡ್ಲಿ ತಿನ್ನುತ್ತಿದ್ದೆ. ಪುಣೆಯಿಂದ ನಮ್ಮ ಓನರ್ ಫೋನ್: "ಯಾಕ್ರೀ ಕಿರುಚಾಡ್ತಾ ಇದ್ದೀರಿ? ಸೊಸೈಟಿಯ ವಾಟ್ಸಾಪ್ ಗ್ರೂಪ್ ತುಂಬಾ ಕಂಪ್ಲೇಂಟ್!"

"ಬಾಯಿ ತುಂಬ ಇಡ್ಲಿ ಇದೆ. ಹೆಂಗೆ ಕಿರುಚಲಿ?"

ಅವನು ಗ್ರೂಪಿನ ಮೆಸೇಜುಗಳನ್ನು ಕಳಿಸಿದ. "ಯಾರದು ಗಲಾಟೆ?" "ಬಾಡಿಗೆಯವರೇ. ಕ್ಲಾಸ್ ಗೊತ್ತಾಗುತ್ತೆ." "ನಾಯಿ ಥರ ಬೊಗಳೋದೂ ಕೇಳ್ತಿದೆ." ಕೊನೆಗೆ ಚೇರ್ಮನ್: "ಸೆಕ್ರೆಟರಿಯವರೇ, ಈ ಜನಕ್ಕೆ ಕೂಡಲೇ ನೋಟಿಸ್ ಕೊಡಿ." ಸೆಕ್ರೆಟರಿಯ ಉತ್ತರವಿಲ್ಲ.

ಹೊರಗೆ ಬಂದು ಕಿವಿಗೊಟ್ಟೆ. ಮುಂದಿನ ಲಿಫ್ಟ್ ಎರಡು ಮಹಡಿಗಳ ಮಧ್ಯೆ ನಿಂತಿದೆ. ಒಳಗೆ ನಾಯಿ, ಜೊತೆಗೆ ಫೋನ್ ಮನೆಯಲ್ಲೇ ಬಿಟ್ಟು ಬಂದ ಸೆಕ್ರೆಟರಿ. ಇಬ್ಬರೂ ಒಂದೇ ರಾಗದಲ್ಲಿ. ಇಡೀ ಬಿಲ್ಡಿಂಗ್ ಕೇಳಿಸಿಕೊಂಡಿದೆ, ಒಬ್ಬನೂ ಬಾಗಿಲು ತೆಗೆದಿಲ್ಲ.

"ವಾಚ್‌ಮನ್‌ನ ಕರೀರಿ!" ಅಂದ ಸೆಕ್ರೆಟರಿ.

"ಮೆಲ್ಲಗೆ ಸಾಹೇಬ್ರೇ," ಅಂದೆ. "ಸೈಲೆಂಟ್ ಸೊಸೈಟಿ."

ಹೆಂಡತಿ ಕುರ್ಚಿ ಎಳೆದುಕೊಂಡು ಬಂದು ಲಿಫ್ಟ್ ಬಾಗಿಲ ಮುಂದೆ ಕೂತಳು. ತನ್ನ ವಿಜಯಪುರದ ಹಿಂದಿಯಲ್ಲಿ ಕೇಳಿದಳು: "ನಾಳೆಯಿಂದ ನಾನು ಈ ಲಿಫ್ಟ್‌ನಲ್ಲಿ ಬರಬಹುದಾ?"

"ಕಮಿಟಿ ಮುಂದೆ ಇಡ್ತೀನಿ!"

"ಹಾಗಾದರೆ ಕಮಿಟಿಯೇ ಬಂದು ಬಾಗಿಲು ತೆಗೀಲಿ."

ಸ್ವಲ್ಪ ಹೊತ್ತು ನಾಯಿ ಮಾತ್ರ ಮಾತಾಡಿತು. ಆಮೇಲೆ ಒಳಗಿಂದ: "ಬನ್ನಿ! ಎಲ್ಲರೂ ಇದರಲ್ಲೇ ಬನ್ನಿ!"

ನಾನು ಕಿಟಕಿಯಲ್ಲಿ ನಿಂತು ಒಂದೇ ಕೂಗು ಹಾಕಿದೆ. ವಾಚ್‌ಮನ್ ಅಷ್ಟೇ ಅಲ್ಲ, ಪಕ್ಕದ ಬಿಲ್ಡಿಂಗ್‌ನ ವಾಚ್‌ಮನ್ನೂ ಓಡಿಬಂದ.

ಮರುದಿನ ಬೆಳಿಗ್ಗೆ ಕೆಳಗಿನಿಂದ ಮನೆಗೆ ಬರಲು ಹೆಂಡತಿ ಮುಂದಿನ ಲಿಫ್ಟ್ ಹತ್ತಿದಳು. ಒಳಗೆ ನಾಯಿ ಒಂದೇ ಇತ್ತು. ಸರಿದು ಜಾಗ ಕೊಟ್ಟಿತು, ಕಮಿಟಿಗಿಂತ ಅದಕ್ಕೇ ಮರ್ಯಾದೆ. ಹೊರಗೆ, ಅದನ್ನು ಹತ್ತಿಸಿದ ಕೆಲಸದವಳು ಹಿತ್ತಲ ಕಡೆ ಓಡಲು ತಿರುಗಿದ್ದಳು. ಹೆಂಡತಿ ಕೋಲು ಚಾಚಿ ಬಾಗಿಲು ತಡೆದಳು: "ಎಲ್ಲಾರೂ ಅಂದಾನ ನಿಮ್ಮ ಸೆಕ್ರೆಟರಿ. ಏರು ಒಳಗ."

ಅವಳು ಏರಿದಳು. ಆಕಾಶ ಬೀಳಲಿಲ್ಲ, ಲಿಫ್ಟೂ ಬೀಳಲಿಲ್ಲ.

ನಿಮ್ಮ ಬಿಲ್ಡಿಂಗ್‌ನಲ್ಲೂ ಎರಡು ಲಿಫ್ಟ್ ಇದೆಯಲ್ಲ? ಓದಿ ನಕ್ಕಿದ್ದು ಸಾಕು. ನಾಳೆ ನಿಮ್ಮ ಮನೆಗೆ ಪಾತ್ರೆ ತಿಕ್ಕಲು ಬರುವವಳನ್ನು ಕರೆದುಕೊಂಡು ಮುಂದಿನ ಲಿಫ್ಟ್‌ಗೆ ಹೋಗಿ. ಗುಂಡಿ ಅವಳೇ ಒತ್ತಲಿ.